ಡಾಕ್ಟರ ತಪ್ಪಿನ ಕಲಂ

ಇದು ಅಪ್ಪಟ ನಿಜ. ಕಟ್ಟಿದ ಕತೆಯಾಗಿದ್ದರೆ ಇದರಲ್ಲಿ ಮೂಲವ್ಯಾಧಿಯ ಬದಲು ಹೃದಯದ ಕಾಯಿಲೆ ಬರುತ್ತಿತ್ತು. ಕತೆಗಾರರಿಗೂ ಮರ್ಯಾದೆ ಅಂತ ಒಂದಿರುತ್ತದಲ್ಲ.

ಆ ದವಾಖಾನೆಯ ಚೀಟಿಯಲ್ಲಿ ಹೆಸರು, ವಯಸ್ಸು, ಕಾಯಿಲೆ ಆದಮೇಲೆ ನಾಲ್ಕನೆಯ ಕಲಂ ಒಂದಿತ್ತು: ತಪ್ಪು. ಅದನ್ನು ಶುರುಮಾಡಿದವರು ಈಗಿನ ಡಾಕ್ಟರ ತಾತ. ಮಾಡಬಾರದ್ದು ಮಾಡದೆ ಮನುಷ್ಯ ಕಾಯಿಲೆ ಬೀಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಅವರೂ ವೈದ್ಯರೇ, ಅವರ ರಿಜಿಸ್ಟರು ಈಗಲೂ ಔಷಧಿ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಹೆಂಗಸಿಗೆ ತಲೆಸುತ್ತೇ? ತಪ್ಪು: ಕಾದಂಬರಿ ಓದುವುದು. ಬೆನ್ನುನೋವೇ? ತಪ್ಪು: ಸೈಕಲ್ ಸವಾರಿ, ಗಂಡಸಾದರೆ ತಪ್ಪಿಲ್ಲ. ಹುಡುಗ ಎಡಗೈಯಲ್ಲಿ ಬರೆಯುತ್ತಾನೆಯೇ? ತಪ್ಪು: ಹಠ. ಚಿಕಿತ್ಸೆ: ಕೈ ಕಟ್ಟಿಹಾಕುವುದು. ಹೊಲಿಗೆ ಯಂತ್ರ ತುಳಿಯುವ ಹೆಂಗಸರ ನಡತೆಯ ಬಗ್ಗೆಯೇ ಒಂದೂವರೆ ಪುಟವಿತ್ತು. ಅದನ್ನಿಲ್ಲಿ ಬರೆದರೆ ಓದುವವರಿಗೆ ತಲೆಸುತ್ತು ಬಂದೀತು.

ಮೊಮ್ಮಗ ಡಾಕ್ಟರು ಸೈಕಲ್ಲನ್ನು ಕ್ಷಮಿಸಿದ್ದರು. ಕಾದಂಬರಿಯ ಜಾಗಕ್ಕೆ ಮೊಬೈಲು ಬಂದಿತ್ತು. ಮಿಕ್ಕಂತೆ ಪದ್ಧತಿ ಅದೇ. ಯಾವ ಕಾಯಿಲೆಗೆ ಯಾವ ತಪ್ಪು ಎಂದು ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ಕಾಂಪೌಂಡರ್ ತಪ್ಪು ತುಂಬಬೇಕು, ಆಮೇಲೆ ಬೆಂಚಿನ ಮೇಲೆ ಕೂತ ಜನರೆದುರು ಗಟ್ಟಿಯಾಗಿ ಓದಿ ಕರೆಯಬೇಕು. "ಹೊಟ್ಟೆ ಉಬ್ಬರ, ತಪ್ಪು ಹೊಟ್ಟೆಬಾಕತನ, ಒಳಗೆ ಬನ್ನಿ."

ಕಾಂಪೌಂಡರಿಗೆ ಇದೊಂದು ಮಜಾ. ಡಾಕ್ಟರ ದಪ್ಪ ಗಂಟಲು, ನಡುನಡುವೆ "ಹ್ಞೂಂ, ಆಮೇಲೆ?" ಅನ್ನುವ ಧಾಟಿ, ಎಲ್ಲವೂ ಅವನಿಗೆ ಕರಗತ. ಡಾಕ್ಟರಿಲ್ಲದಾಗ ಅದೇ ಸ್ವರದಲ್ಲಿ ಸೋರುವ ನಲ್ಲಿಯನ್ನು ಗದರಿಸುತ್ತಿದ್ದ.

ಆ ಮಜಾ ಇಳಿದದ್ದು ಒಂದು ಬೆಳಿಗ್ಗೆ. ಟೈಲರ್ ಕೆಲಸದ ಅವನ ಅಕ್ಕ ಹೊಲಿಗೆ ಯಂತ್ರದ ಮೇಲೆಯೇ ತಲೆಯಿಟ್ಟು ಕೂತಿದ್ದಳು. ಮುಖ ಸುಣ್ಣ ಬಳಿದ ಹಾಗಿತ್ತು. ಮೂರು ತಿಂಗಳಿಂದ ಕೆಮ್ಮು ಕೆಮ್ಮು ಎಂದು ದವಾಖಾನೆಗೆ ಬಂದು ಮೂರು ಬಾಟಲಿ ಸಿರಪ್ ಒಯ್ದಿದ್ದವಳು.

"ಕೆಮ್ಮಿಗೆ ಯಾರಾದ್ರೂ ಹೀಗೆ ಬಿಳಿಚಿಕೊಳ್ತಾರೇನೇ ಅಕ್ಕ?"

"ಕೆಮ್ಮಲ್ವೋ. ಮೂಲವ್ಯಾಧಿ. ದಿನಾ ರಕ್ತ ಹೋಗ್ತಿದೆ."

"ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ನಿಮ್ಮ ಪಟ್ಟೀಲಿ ಮೂಲವ್ಯಾಧಿ ಮುಂದೆ ಏನಿದೆ ಹೇಳು. ಸೋಮಾರಿತನ. ದಿನಕ್ಕೆ ಹನ್ನೆರಡು ಗಂಟೆ ಈ ಯಂತ್ರ ತುಳೀತೀನಿ. ನನ್ನ ಗಿರಾಕಿಗಳೆಲ್ಲ ಕೂತಿರೋ ಕಡೆ ನನ್ನ ತಮ್ಮನೇ ನಿಂತು ಅದನ್ನ ಕೂಗಬೇಕಾ?"

ಅವನು ಅಕ್ಕನಿಗೆ ಒಂದು ಲೋಟ ನೀರು ತಂದುಕೊಟ್ಟ. "ಇವತ್ತೂ ಕೆಮ್ಮು ಅಂತಲೇ ಬಾ. ಮಿಕ್ಕಿದ್ದು ನನಗೆ ಬಿಡು," ಅಂದ. ಮಿಕ್ಕಿದ್ದು ಏನೆಂದು ಅವನಿಗೂ ಗೊತ್ತಿರಲಿಲ್ಲ.

ದವಾಖಾನೆಗೆ ಹೋದರೆ ಅದೃಷ್ಟ ಮಂಚದ ಮೇಲೆ ಮಲಗಿತ್ತು. ಡಾಕ್ಟರ ಬಲಗಣ್ಣಿನ ರೆಪ್ಪೆಯ ಮೇಲೆ ಕಡಲೆ ಗಾತ್ರದ ಗುಳ್ಳೆ ಎದ್ದಿತ್ತು. ಬಿಸಿನೀರಲ್ಲಿ ಅದ್ದಿದ ಹತ್ತಿಯನ್ನು ಕಣ್ಣಿಗೆ ಒತ್ತಿಕೊಂಡು ಪರದೆಯ ಹಿಂದೆ ನರಳುತ್ತಿದ್ದರು.

"ನನಗೂ ಒಂದು ಚೀಟಿ ಬರಿಯಯ್ಯಾ. ನಿಯಮ ಅಂದ್ರೆ ನಿಯಮ."

"ತಪ್ಪು ಏನಂತ ಬರೀಲಿ ಸಾರ್?"

"ಅದು ಖಾಲಿ ಬಿಡು."

ಕಾಂಪೌಂಡರ್ ಸ್ಟೂಲು ಹತ್ತಿ ತಾತನ ರಿಜಿಸ್ಟರು ಇಳಿಸಿದ. ಬೇಕಾದ ಪುಟ ಸಿಕ್ಕಿತು. ಬೆಂಚುಗಳ ಮುಂದೆ ಬಂದು, ಎದೆ ಉಬ್ಬಿಸಿ, ಡಾಕ್ಟರ ಗಂಟಲಲ್ಲೇ ಶುರುಮಾಡಿದ.

"ಹ್ಞೂಂ. ನಮ್ಮ ಡಾಕ್ಟರು, ವಯಸ್ಸು ಅರವತ್ತೆರಡು, ರೆಪ್ಪೆಯ ಗುಳ್ಳೆ. ಆಮೇಲೆ? ತಪ್ಪು: ಪಕ್ಕದ ಮನೆ ಕಿಟಕಿಯಲ್ಲಿ ಇಣುಕುವುದು. ಚಿಕಿತ್ಸೆ: ಆ ಮನೆಯವರೆದುರು ನಿಂತು ಕ್ಷಮೆ ಕೇಳುವುದು."

ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಬೆಂಚಿನ ತುದಿಯಲ್ಲೇ ಕೂತಿದ್ದರು. ಕನ್ನಡಕ ಸರಿಮಾಡಿಕೊಂಡು, "ಪರವಾಗಿಲ್ಲ ಬಿಡಿ, ಈ ವಯಸ್ಸಲ್ಲಿ ನೋಡೋರಾದ್ರೂ ಯಾರಿದ್ದಾರೆ," ಅಂದರು.

ಪರದೆ ಸರ್ರನೆ ಸರಿಯಿತು. ಹತ್ತಿ ಇನ್ನೂ ರೆಪ್ಪೆಗೆ ಅಂಟಿಕೊಂಡೇ ಇತ್ತು.

"ನಾನ್ಯಾವತ್ತು ಇಣುಕಿದೆನಯ್ಯಾ? ರೆಪ್ಪೆ ಒಳಗಿನ ಗ್ರಂಥಿ ಕಟ್ಟಿಕೊಂಡು ಕೀವಾದ್ರೆ ಗುಳ್ಳೆ ಏಳುತ್ತೆ. ಯಾರಿಗೆ ಬೇಕಾದ್ರೂ ಏಳುತ್ತೆ. ಅದರಲ್ಲಿ ತಪ್ಪೆಲ್ಲಿಂದ ಬಂತು?"

ಹೇಳಿ ಮುಗಿಸಿದರೂ ಅವರ ಬಾಯಿ ಮುಚ್ಚಲಿಲ್ಲ. ತಾವು ಆಡಿದ್ದು ತಮಗೇ ಕೇಳಿಸಿತ್ತು.

ಅಷ್ಟರಲ್ಲಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಅಕ್ಕ ಗೋಡೆ ಹಿಡಿದು ಎದ್ದಳು. "ಹಾಗಾದ್ರೆ ಡಾಕ್ಟ್ರೇ, ನನಗೆ ಕೆಮ್ಮಿಲ್ಲ."

"ಮತ್ತೆ ಮೂರು ಬಾಟಲಿ ಸಿರಪ್ಪು?"

"ಹೂವಿನ ಕುಂಡಕ್ಕೆ ಹಾಕಿದೆ. ಗಿಡ ಒಂದು ದಿನವೂ ಕೆಮ್ಮಿಲ್ಲ."

"ಹಾಗಂದ್ರೆ ನಂದೂ ತಲೆನೋವಲ್ಲ ಸಾರ್," ಅಂದ ಬಸ್ ಡ್ರೈವರ್, ಕೂತಲ್ಲೇ ಮಿಸುಕಾಡುತ್ತ. ಟೀಚರಮ್ಮನ ಮಂಡಿನೋವೂ ಮಂಡಿಯದಾಗಿರಲಿಲ್ಲ.

ಡಾಕ್ಟರು ಅಕ್ಕನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಕೆಲಸ ಹೋಯಿತೆಂದೇ ಕಾಂಪೌಂಡರ್ ಬೀರುವಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು.

"ರಕ್ತ ತುಂಬಾ ಕಮ್ಮಿಯಾಗಿದೆ," ಡಾಕ್ಟರು ಅವನ ಕಿವಿಯಲ್ಲಿ ಹೇಳಿದರು. "ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು, ಕಾಗದ ಬರೆದಿದ್ದೀನಿ. ವಾಸಿಯಾಗುತ್ತೆ. ಇನ್ನೆರಡು ಬಾಟಲಿ ಸಿರಪ್ ಕೊಟ್ಟಿದ್ರೆ ಹೀಗೆ ಹೇಳೋಕಾಗ್ತಿರಲಿಲ್ಲ."

ಆಮೇಲೆ ಅಕ್ಕನ ಚೀಟಿಯನ್ನು ಅವನ ಕೈಗಿಟ್ಟು, ಕಾಯಿಲೆಯ ಕಲಮ್ಮಿನ ಮೇಲೆ ತಮ್ಮ ಹೆಬ್ಬೆರಳು ಒತ್ತಿ ಹಿಡಿದರು. "ಇದು ಬಿಟ್ಟು ಮುಂದಿಂದು ಗಟ್ಟಿಯಾಗಿ ಓದು. ನನ್ನ ಗಂಟಲಲ್ಲೇ ಓದು, ಹೇಗೂ ಅಭ್ಯಾಸ ಇದೆಯಲ್ಲ."

ಅವನು ಓದಿದ. "ಹ್ಞೂಂ. ತಪ್ಪು: ಔಷಧಿ ಕೊಟ್ಟವನದು. ಆಮೇಲೆ? ಚಿಕಿತ್ಸೆ: ಗೋಡೆಯ ಪಟ್ಟಿ ಹರಿಯುವುದು."

ಮೊದಲು ನಕ್ಕದ್ದು ಅಕ್ಕ. ಆಮೇಲೆ ಬೆಂಚುಗಳು. ಡಾಕ್ಟರು ಪಟ್ಟಿಯ ತುದಿ ಹಿಡಿದು ಎಳೆಯುತ್ತ, "ನಗಿಸಬೇಡ್ರಯ್ಯಾ, ರೆಪ್ಪೆ ಎಳೆಯುತ್ತೆ," ಎನ್ನುತ್ತಲೇ ಎಲ್ಲರಿಗಿಂತ ಜೋರಾಗಿ ನಕ್ಕರು, ಪಕ್ಕದ ಮನೆ ಕಿಟಕಿಯವರೆಗೂ ಕೇಳಿಸುವ ಹಾಗೆ.