ಮೂರನೆಯ ಹಾಲ್‌ನ ವರದಿ

“ಇದೊಂದು ಸಾಲು ತಗದುಬಿಡು, ಸಂಪದಾ. ಉಳಿದದ್ದೆಲ್ಲಾ ಛಲೋ ಬರದೀ,” ಎಂದು ಮಿಲಿಂದ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

ಪರೀಕ್ಷೆ ನಡೆಸುವವರಿಗೆ ಕೊಡಬೇಕಾದ ವರದಿಯ ಆ ಸಾಲು ಹೀಗಿತ್ತು: ದೋಷ ಸಾಫ್ಟ್‌ವೇರಿನದು, ಕೇಬಲ್ ಬದಲಿಸಿದ ಕೆಲಸಗಾರನದಲ್ಲ.

ರಾಯಾಪುರದ ಆ ಕಟ್ಟಡದಲ್ಲಿ ವರ್ಷವಿಡೀ ಒಂದಿಲ್ಲೊಂದು ಆನ್‌ಲೈನ್ ಪರೀಕ್ಷೆ ನಡೆಯುತ್ತಿತ್ತು. ಮೂರು ದೊಡ್ಡ ಹಾಲ್‌ಗಳು, ಐನೂರು ಕಂಪ್ಯೂಟರು. ಮಿಲಿಂದ ಕೇಂದ್ರದ ಮಾಲೀಕ. ಸಂಪದಾ ಅಲ್ಲಿಯ ನೆಟ್‌ವರ್ಕ್ ಇಂಜಿನಿಯರು. ಮೂರು ದಿನಗಳ ಹಿಂದೆ ಗುಮಾಸ್ತರ ಹುದ್ದೆಯ ಪರೀಕ್ಷೆ ಅರ್ಧಕ್ಕೆ ಬಂದಿದ್ದಾಗ ಮೂರನೆಯ ಹಾಲಿನ ಒಂದು ಕಂಪ್ಯೂಟರಿಗೆ ಸಂಪರ್ಕ ತಪ್ಪಿತು. ಕೇಬಲ್ ಕೆಲಸ ನೋಡಿಕೊಳ್ಳುವ ಲಾಲಸಾಬ ಹೋಗಿ, ಸಡಿಲಾಗಿದ್ದ ವೈರನ್ನು ಕಿತ್ತು ಪಕ್ಕದ ತೂತಿಗೆ ಸಿಕ್ಕಿಸಿದ. ವಾರಕ್ಕೆ ಹತ್ತು ಸಲ ಮಾಡುವ ಕೆಲಸ. ಆದರೆ ಅವತ್ತು ಕಿತ್ತ ಸುದ್ದಿ ತಲುಪುವ ಮೊದಲೇ ಸಿಕ್ಕಿಸಿದ ಸುದ್ದಿ ಕಂಟ್ರೋಲರಿಗೆ ತಲುಪಿತು.

ಕಂಟ್ರೋಲರ್ ಎಂದರೆ ಇಡೀ ಕಟ್ಟಡದ ವೈರುಗಳಲ್ಲಿ ಯಾವ ಮಾಹಿತಿ ಯಾವ ದಾರಿ ಹಿಡಿಯಬೇಕೆಂದು ಹೇಳುವ ಸಾಫ್ಟ್‌ವೇರು. ಅದರೊಳಗೆ ಹನ್ನೆರಡು ಸಣ್ಣ ಪ್ರೋಗ್ರಾಮುಗಳಿದ್ದವು. ಸುದ್ದಿ ಹಿಂದುಮುಂದಾದದ್ದನ್ನು ಅರಗಿಸಿಕೊಳ್ಳಲಾಗದೆ ಅವುಗಳಲ್ಲೊಂದು ಬಿತ್ತು. ಬೀಳುವಾಗ ಕಂಟ್ರೋಲರನ್ನೇ ಎಳೆದುಕೊಂಡು ಬಿತ್ತು. ಬದಲಿಗೆಂದು ಇಟ್ಟಿದ್ದ ಎರಡನೆಯ ಕಂಟ್ರೋಲರ್ ಕೆಲಸ ವಹಿಸಿಕೊಂಡು, ಅದೇ ಸುದ್ದಿಯನ್ನು ಓದಿ, ಅದೂ ಬಿತ್ತು. ಐನೂರು ಪರದೆಗಳು ನಿಂತವು. ಹುಡುಗರು ಕುರ್ಚಿ ಎತ್ತಿ ಒಗೆದರು. ವಯೋಮಿತಿ ಮುಗಿಯುತ್ತಿದ್ದ ಒಬ್ಬ ಹೆಂಗಸು ಮಾತ್ರ, ಪೊಲೀಸರು ಬಂದು ಏಳಮ್ಮಾ ಎನ್ನುವ ತನಕ, ಮೌಸಿನ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದಳು.

ಹೀಗಾಗುತ್ತದೆಂದು ಸಂಪದಾ ಮೊದಲೇ ಹೇಳಿದ್ದಳು. ಮಿಲಿಂದ ಎರಡನೆಯ ಕಂಟ್ರೋಲರ್ ಹಾಕಿಸಿದಾಗ, “ಸರ್, ಎರಡೂ ಒಂದೇ ಶಾಲ್ಯಾಗ ಕಲ್ತಾವ. ಮೊದಲನೇದು ಯಾವ ಪ್ರಶ್ನಿಗೆ ತಪ್ಪತದೋ, ಎರಡನೇದೂ ಅದಕ್ಕ ತಪ್ಪತದ,” ಎಂದಿದ್ದಳು. ಎಂಟು ತಿಂಗಳು ಕುಳಿತು ತಾನೇ ಒಂದು ವ್ಯವಸ್ಥೆ ಬರೆದಿದ್ದಳು. ಅದರಲ್ಲಿ ಪ್ರತಿಯೊಂದು ಪ್ರೋಗ್ರಾಮೂ ಬೇರೆ ಬೇರೆ ಕೋಣೆಯಲ್ಲಿದ್ದಂತೆ ಇರುತ್ತಿತ್ತು. ಒಂದು ಬಿದ್ದರೆ ಉಳಿದವಕ್ಕೆ ಗೊತ್ತೂ ಆಗುತ್ತಿರಲಿಲ್ಲ. ಬಿದ್ದದ್ದನ್ನು ಬೀಳುವ ಮುಂಚಿನ ಸ್ಥಿತಿಗೆ ಒಯ್ದು, ಬೀಳಿಸಿದ ಸುದ್ದಿಯನ್ನು ಬದಿಗಿಟ್ಟು, ವ್ಯವಸ್ಥೆಯೇ ಮತ್ತೆ ಎಬ್ಬಿಸಿ ನಿಲ್ಲಿಸುತ್ತಿತ್ತು. ಮಿಲಿಂದ ಪ್ರತಿ ಸಲವೂ “ಈ ಪರೀಕ್ಷಾ ಮುಗೀಲಿ” ಎನ್ನುತ್ತಿದ್ದ.

“ಲಾಲಸಾಬ ಕಾಕಾಂದು ಏನೂ ತಪ್ಪಿಲ್ಲ, ಸರ್.”

“ತಪ್ಪು ಅದ ಅಂತ ಬರಿ ಅಂದೆನೇನು? ಆ ಸಾಲು ತಗಿ ಅಂದೆ, ಅಷ್ಟ. ನಮ್ಮ ಸಾಫ್ಟವೇರಿನ್ಯಾಗ ದೋಷ ಅದ ಅಂತ ನಾವ ಬರದಕೊಟ್ರ, ನಾಳೆ ಪರೀಕ್ಷಾ ಎಲ್ಲಾ ಬ್ಯಾರೇ ಕಡೆ ಹೋಗ್ತಾವ.” ಮಿಲಿಂದ ದನಿ ತಗ್ಗಿಸಿದ. “ನಿಂದು ಆ ಎಂಟು ತಿಂಗಳ ಕೆಲಸ ಅದಲಾ, ಸೋಮವಾರ ಹಾಕಿಬಿಡು. ನಾ ಇನ್ನ ಬ್ಯಾಡ ಅನ್ನೂದಿಲ್ಲ.”

ಅವನು ಹೆದರಿಸಿದ್ದರೆ ಅವಳು ಜಗಳವಾಡುತ್ತಿದ್ದಳೇನೋ. ಅವಳಿಗೆ ಎಂಟು ತಿಂಗಳು ನೆನಪಾದವು. ಇನ್ನು ಮುಂದೆ ಯಾರ ಪರದೆಯೂ ನಿಲ್ಲುವುದಿಲ್ಲ, ಮೌಸ್ ಹಿಡಿದು ಯಾರೂ ಹಾಗೆ ಕೂರಬೇಕಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸಾಲು ಅಳಿಸಿದಳು. ಉಳಿದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ: ಹನ್ನೊಂದೂವರೆಗೆ ಕೆಲಸಗಾರನು ಕೇಬಲ್ ಬದಲಿಸಿದನು, ಕೂಡಲೇ ಸಂಪರ್ಕ ನಿಂತಿತು. ಕೆಳಗೆ ಸಹಿ ಹಾಕಿದಳು.

ಸೋಮವಾರ ಅವಳ ವ್ಯವಸ್ಥೆ ಒಳಗೆ ಬಂತು. ಅದೇ ಸೋಮವಾರ ಲಾಲಸಾಬ ಬರಲಿಲ್ಲ. ಕೆಲಸದಿಂದ ತೆಗೆದ ಪತ್ರವನ್ನು ಶನಿವಾರವೇ ಅವನ ಕೈಗೆ ಕೊಟ್ಟಿದ್ದರಂತೆ.

ಮೂರು ವಾರದ ಮೇಲೆ ಇನ್ನೊಂದು ಪರೀಕ್ಷೆ ನಡೆಯುತ್ತಿದ್ದಾಗ ಒಂದು ಪ್ರೋಗ್ರಾಮು ಮತ್ತೆ ಬಿತ್ತು. ಸಂಪದಾಳ ಪರದೆಯ ಮೇಲೆ ಒಂದು ಸಾಲು ಮೂಡಿತು: ಬಿದ್ದಿದೆ, ಎಬ್ಬಿಸಲಾಗಿದೆ. ಒಂದು ಸೆಕೆಂಡೂ ಹಿಡಿಯಲಿಲ್ಲ. ಅವಳು ಎದ್ದು ಹಾಲಿನ ಗಾಜಿನಾಚೆ ನೋಡಿದಳು. ತಲೆಗಳೆಲ್ಲ ಬಗ್ಗಿದ್ದವು; ಒಂದೂ ಮೇಲೆದ್ದಿರಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿತು. ಈ ಕಟ್ಟಡದ ಪ್ರತಿಯೊಂದು ವೈರೂ ಗೊತ್ತಿದ್ದ ಮನುಷ್ಯ ಒಬ್ಬನೇ, ಲಾಲಸಾಬ. ಅದು ನೆನಪಾದದ್ದೇ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ರವಿವಾರ. ಕೇಳುತ್ತ ಕೇಳುತ್ತ ಹಳೇ ಹುಬ್ಬಳ್ಳಿಯ ಆ ಮನೆ ಹುಡುಕಿದಳು. ಲಾಲಸಾಬ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ. ಗಡಬಡಿಸಿ ಎದ್ದ.

“ಬರ್ರಿ ಮೇಡಮ್ಮಾರ, ಒಳಗ ಬರ್ರಿ. ರಸೂಲಬಿ, ಚಾ ಇಡು,” ಎಂದು ಹೆಂಡತಿಗೆ ಕೂಗಿ ಹೇಳಿದ.

ಒಳಗೆ ಕುಳಿತ ಮೇಲೆ ಅವನೇ ಮಾತು ತೆಗೆದ. “ನಿಮಗ ಭಾಳ ತ್ರಾಸ ಕೊಟ್ಟೆನ್ರಿ. ಮೂವತ್ತು ವರ್ಷ ವೈರ್ ಎಳದೇನಿ. ಅವತ್ತ ಕೈ ಹೆಂಗ ತಪ್ಪೀತೋ ತಿಳೀವಲ್ದು. ಈಗ ಓಣ್ಯಾಗ ಯಾರರ ಕರದರೂ ನಾ ಹೋಗೂದಿಲ್ರಿ. ಮತ್ತೇನರ ಸುಟ್ಟಗಿಟ್ಟೀತು ಅಂತ ಅಂಜಿಕಿ.”

“ಕಾಕಾ, ನಿಮ್ಮ ಕೈ ತಪ್ಪಿಲ್ಲ.”

“ಇಲ್ರಿ. ಆ ಪತ್ರದ ಜೋಡಿ ನಿಮ್ಮ ವರದಿನೂ ಕೊಟ್ಟಿದ್ರು. ನಮ್ಮ ಸೊಸಿ ಓದಿ ಹೇಳಿದಳು. ಮೊದಲ ನಾ ಒಪ್ಪಲಿಲ್ಲ, ಹಂಗ ಆಗಾಕ ಸಾಧ್ಯನ ಇಲ್ಲ ಅಂದೆ. ಆಮ್ಯಾಲ ಕೆಳಗ ನಿಮ್ಮ ಹೆಸರ ಐತಿ ಅಂದಳು.” ಲಾಲಸಾಬ ತಲೆಯಾಡಿಸಿದ. “ನೀವ ಬರದಮ್ಯಾಲ ಖರೇನ ಇರತೈತಿ ಅಂತ ಸುಮ್ಮನಾದೆ.”

ಅವನ ದನಿಯಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಸಂಪದಾ ಚಹಾದ ಬಟ್ಟಲನ್ನು ಕೆಳಗಿಟ್ಟಳು. ನಡೆದದ್ದನ್ನೆಲ್ಲ ಹೇಳಿದಳು: ಹಿಂದುಮುಂದಾದ ಸುದ್ದಿ, ಎರಡು ಕಂಟ್ರೋಲರು, ಅಳಿಸಿದ ಸಾಲು, ಸಾಲಿನ ಬದಲು ತನಗೆ ಸಿಕ್ಕದ್ದು. ಲಾಲಸಾಬ ತನ್ನ ಎರಡೂ ಅಂಗೈ ನೋಡಿಕೊಂಡ. ಅವನ ಮುಖದಲ್ಲಿ ಸಿಟ್ಟು ಕಂಡಿದ್ದರೆ ಅವಳಿಗೆ ಅದೇ ಹಗುರೆನಿಸುತ್ತಿತ್ತು.

ಬಾಗಿಲಿಗೆ ಆತು ನಿಂತಿದ್ದ ರಸೂಲಬಿ ಒಳಗೆ ಹೋಗಿ ಒಂದು ನೋಟಬುಕ್ಕು, ಪೆನ್ನು ತಂದು ಅವಳ ಮುಂದಿಟ್ಟಳು.

“ಈಗ ಹೇಳಿದ್ದು ಬರೀರಿ. ಕನ್ನಡದಾಗ ಬರೀರಿ.”

“ನಾ ಆಫೀಸಿನಿಂದ ಟೈಪ್ ಮಾಡಿಸಿ ತರ್ತೀನಿ, ಅಮ್ಮಾರ. ಪರೀಕ್ಷಾ ನಡಸೋವ್ರಿಗೂ ಒಂದು ಕಳಸ್ತೀನಿ.”

“ಅವರಿಗೂ ಕಳಸ್ರಿ. ಇದನ್ನ ಈಗ ಬರೀರಿ.”

ಸಂಪದಾ ತಾರೀಖು ಹಾಕಿದಳು. ನಾಳೆ ಮಿಲಿಂದನಿಗೆ ಇದು ಗೊತ್ತಾಗುತ್ತದೆ; ಅವಳ ಕೆಲಸ ಅಲ್ಲಿಯೇ ಓಡುತ್ತಿರುತ್ತದೆ, ಅವಳು ಅಲ್ಲಿರುವುದಿಲ್ಲ. ಆರು ಸಾಲು ಬರೆದು ಸಹಿ ಮಾಡಿ, ಹಾಳೆಯನ್ನು ಹರಿದು ಲಾಲಸಾಬನ ಕಡೆ ಚಾಚಿದಳು. ಅವನು ಹೆಂಡತಿಯ ಮುಖ ನೋಡಿದ. ತೆಗೆದುಕೊಳ್ಳಲಿಲ್ಲ.

“ನಾವು ಇದನ್ನ ಯಾರಿಗೆ ತೋರಸೂಣ್ರಿ?” ಎಂದಳು ರಸೂಲಬಿ. “ಎದುರುಮನಿ ಅಸ್ಫಾಕನೂ ಅವತ್ತ ಪರೀಕ್ಷಾ ಬರ್ಯಾಕ ಹೋಗಿದ್ದ. ಅವರವ್ವ ನಮ್ಮ ಜೋಡಿ ಮಾತ ಬಿಟ್ಟಾಳ. ನಳಕ್ಕ ಹೋದ್ರ ನನ್ನ ಕೊಡ ಸರಸಿ ಇಡತಾರ. ನೀವ ಹೊರಗ ನಿಂತು ಓದ್ರಿ.”

“ಬ್ಯಾಡ ಬಿಡು,” ಎಂದ ಲಾಲಸಾಬ. ರಸೂಲಬಿ ಅವನ ಕಡೆ ತಿರುಗಲಿಲ್ಲ.

ಸಂಪದಾ ಕಟ್ಟೆಯ ಮೇಲೆ ಬಂದು ನಿಂತಳು. ಎದುರುಮನೆಯ ಹೆಂಗಸು, ಅಸ್ಫಾಕನ ತಾಯಿ, ಪಾತ್ರೆ ತಿಕ್ಕುತ್ತಿದ್ದಳು. ಮೂಲೆಯ ವೆಲ್ಡಿಂಗ್ ಅಂಗಡಿಯಲ್ಲಿ ಇಬ್ಬರು ಗೇಟೊಂದನ್ನು ಉಜ್ಜುತ್ತಿದ್ದರು. ಅವಳು ಹಾಳೆ ಹಿಡಿದು ಓದಿದಳು. ಬರೆಯುವಾಗ ಸರಾಗವಾಗಿ ಬಂದ ಮಾತುಗಳು ಬಾಯಲ್ಲಿ ತೊಡರಿದವು. ತನ್ನ ಹೆಸರಿನ ತನಕ ಓದಿ ತಲೆಯೆತ್ತಿದಾಗ ಅಂಗಡಿಯ ಯಂತ್ರ ಇನ್ನೂ ಕಿರುಚುತ್ತಿತ್ತು.

ಎದುರುಮನೆಯ ಹೆಂಗಸು ಎದ್ದು, ಬೂದಿಗೈಯನ್ನು ಸೀರೆಗೆ ಒರೆಸಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು. ಅಂಗಡಿಯ ಕಡೆ ಕೈ ಬೀಸಿ ಯಂತ್ರ ನಿಲ್ಲಿಸಲು ಹೇಳಿದಳು. ಅದು ನಿಂತಿತು.

“ಏನೂ ಕೇಳಸಲಿಲ್ಲರಿ,” ಎಂದಳು. “ಇನ್ನೊಮ್ಮಿ ಓದ್ರಿ.”

ಸಂಪದಾ ಮತ್ತೆ ತಾರೀಖಿನಿಂದ ಶುರು ಮಾಡಿದಳು.