ಐವತ್ತೇಳು ಲೀಟರ್

"ನಾನು ಬಸ್ಸಲ್ಲೇ ಕೂತಿರ್ತೀನಿ. ನೀವಿಬ್ಬರೂ ನೋಡ್ಕೊಂಡು ಬನ್ನಿ" ಎಂದು ತಂಗಿ ಎರಡನೆಯ ಸಲ ಹೇಳಿದಳು. ಅವಳ ಗಂಡ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆಯಿಂದ ಪ್ರವಾಸದ ಬಸ್ಸು ಅವರಿಗೆ ಜಲಪಾತ ತೋರಿಸಿತ್ತು, ಏಳು ಕಮಾನಿನ ಕಲ್ಲುಸೇತುವೆ ತೋರಿಸಿತ್ತು, ಗುಡ್ಡದ ನೆತ್ತಿಯ ಪಾಳುಗೋಪುರಕ್ಕೆ ಹತ್ತಿಸಿ ಇಳಿಸಿತ್ತು. ಉಳಿದದ್ದು ಈ ವಿಸ್ಕಿ ಭಟ್ಟಿ. ಮೂವತ್ತು ವರ್ಷ ಇದರ ಉಗ್ರಾಣ ನೋಡಿಕೊಂಡಿದ್ದ ಅವನು ಹೆಂಡತಿಯ ಕೈ ಹಿಡಿದು ಇಳಿಸಿಯೇಬಿಟ್ಟ.

ಅವರ ಹಿಂದೆ ಇಳಿದ ಅವಳ ಅಣ್ಣ ಇದೇ ಭಟ್ಟಿಗೆ ಪೀಪಾಯಿ ಕಟ್ಟಿಕೊಡುತ್ತಿದ್ದ ಬಡಗಿ. ಇಪ್ಪತ್ತಾರು ವರ್ಷಗಳಿಂದ ಈ ಗೇಟು ದಾಟಿರಲಿಲ್ಲ.

ಮರದಲ್ಲಿಟ್ಟ ವಿಸ್ಕಿಯಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಪಾಲು ಗಾಳಿಗೆ ಹೋಗುತ್ತದೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಇನ್ನೂರು ಲೀಟರ್ ತುಂಬಿದರೆ ಮೂರು ವರ್ಷಕ್ಕೆ ನೂರ ಎಂಬತ್ತೆಂಟು ಉಳಿಯಬೇಕು. ಬಡಗಿ ಕಟ್ಟಿದ ನಾನೂರ ಹದಿನಾರನೆಯ ಪೀಪಾಯಿಯಲ್ಲಿ ಉಳಿದದ್ದು ನೂರ ಮೂವತ್ತೊಂದು. ಐವತ್ತೇಳು ಲೀಟರಿಗೆ ಗಾಳಿ ಹೊಣೆಯಲ್ಲ. ಸಂದು ಬಿಟ್ಟಿದೆ, ಬಡಗಿಯ ಕೈ ಕೆಟ್ಟಿದೆ ಎಂದು ತೀರ್ಮಾನವಾಯಿತು. ಪೀಪಾಯಿಯ ಕೆಳಗೆ ನೆಲ ಒದ್ದೆಯಾಗಿದ್ದದ್ದನ್ನು ಕಂಡೆನೆಂದು ಸಾಕ್ಷಿ ಹೇಳಿದವನು ತಂಗಿಯ ಗಂಡ. ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತು. ಆ ವಾರವೇ ಮನೆಗೆ ಬಂದು, "ನಿಮ್ಮ ಮರ್ಯಾದೆ ಉಳೀಲಿ ಅಂತ ಅದನ್ನ ಒಡೆಸಿ ಒಲೆಗೆ ಹಾಕಿಸ್ದೆ, ಭಾವ" ಎಂದಿದ್ದ. ಬಡಗಿ ಅವನಿಗೆ ಕೈ ಮುಗಿದಿದ್ದ.

ಆಮೇಲೆ ಬಡಗಿ ಬಾಗಿಲು ಮಾಡಿದ, ಕಿಟಕಿ ಮಾಡಿದ. ನೀರು ತುಂಬಿಡಲು ತೊಟ್ಟಿ ಬೇಕೆಂದು ಯಾರಾದರೂ ಬಂದರೆ ಬೇರೆಯವರ ಅಂಗಡಿ ತೋರಿಸುತ್ತಿದ್ದ. ದ್ರವ ನಿಲ್ಲುವಂಥದ್ದನ್ನು ತನ್ನ ಕೈಗೆ ಮತ್ತೆ ಒಪ್ಪಿಸಲಿಲ್ಲ.

ಭಟ್ಟಿಯೊಳಗೆ ತಾಮ್ರದ ಹಂಡೆಗಳನ್ನು ತೋರಿಸುತ್ತಿದ್ದ ಹುಡುಗಿಯ ಮಾತನ್ನು ತಂಗಿಯ ಗಂಡ ಮೂರು ಸಲ ತಿದ್ದಿದ. ರುಚಿ ನೋಡಲು ಲೋಟ ಕೊಟ್ಟಾಗ ಪ್ರವಾಸಿಗರೆಲ್ಲ ಅವನ ಸುತ್ತ ಸೇರಿದ್ದರು. "ವಿಸ್ಕಿನೂ ನೆಂಟರೂ ಒಂದೇ. ಮೂಗಿಂದ ನಾಲ್ಕು ಬೆರಳು ದೂರ ಇಟ್ಕೊಂಡೇ ವಾಸನೆ ನೋಡ್ಬೇಕು" ಎಂದ. ಎಲ್ಲರೂ ನಕ್ಕರು. ಬಡಗಿ ತನ್ನ ಲೋಟವನ್ನು ಮುಟ್ಟದೆ ಹಿಂದಿನ ಬಾಗಿಲಿನಿಂದ ಅಂಗಳಕ್ಕೆ ಹೋದ.

ಅಂಗಳದ ಮೂಲೆಯಲ್ಲಿ, ಸೂರಿನ ನೀರು ಹಿಡಿಯಲು, ಮೇಲಿನ ಮುಚ್ಚಳ ತೆಗೆದ ಪೀಪಾಯಿಯೊಂದು ನೆಟ್ಟಗೆ ನಿಂತಿತ್ತು. ಅಂಚಿನ ಕೆಳಗೆ ಉಳಿಯಿಂದ ಕೊರೆದ ಮೂರು ಗೀರುಗಳು ಅವನದೇ ಗುರುತು. ಪಕ್ಕದಲ್ಲಿ ನಾನೂರ ಹದಿನಾರು.

ಅವನು ಸಂಖ್ಯೆಯನ್ನು ಬೆರಳಿನಿಂದ ಮತ್ತೊಮ್ಮೆ ಓದಿದ. ಪೀಪಾಯಿಯಲ್ಲಿ ನೀರು ಕಂಠಮಟ್ಟ ತುಂಬಿತ್ತು. ಮಂಡಿಯೂರಿ ಒಂದೊಂದು ಸಂದಿನ ಮೇಲೂ ಅಂಗೈ ಎಳೆದ. ಎಲ್ಲಿಯೂ ತೇವವಿಲ್ಲ. ಬುಡದ ಧೂಳಿನಲ್ಲಿ ಇರುವೆಗಳು ಸಾಲು ಹಿಡಿದಿದ್ದವು. ಮುದಿ ಬಡಗಿಯ ಮುಖ ಅರಳಿತು; ಅರಳಿದ್ದು ಎರಡು ಉಸಿರಿನಷ್ಟು ಹೊತ್ತು. ಇದು ಸೋರುವುದಿಲ್ಲವಾದರೆ ಐವತ್ತೇಳು ಲೀಟರ್ ಎಲ್ಲಿ ಹೋಯಿತು?

ಪೀಪಾಯಿಯ ಹೊಟ್ಟೆಯ ಕೆಳಗಿನ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ತುಂಡಾಗಿ, ಒಂದು ಗೇಣು ಜಾರಿತ್ತು. ಪಟ್ಟಿ ಮುಚ್ಚಿದ್ದ ಜಾಗದಲ್ಲಿ ಸೀಸದ ಕಡ್ಡಿಯಷ್ಟು ದಪ್ಪದ ದುಂಡು ಚುಕ್ಕೆ. ಹಲಗೆಯ ಎಳೆ ಉದ್ದಕ್ಕಿತ್ತು, ಚುಕ್ಕೆಯದು ಅಡ್ಡಕ್ಕೆ. ಬೆಣೆ. ಪಟ್ಟಿ ಸರಿಸಿ, ತೂತು ಕೊರೆದು, ಬೇಕಾದಷ್ಟು ಹಿಡಿದುಕೊಂಡು, ಬೆಣೆ ಜಡಿದು ಪಟ್ಟಿಯನ್ನು ಮತ್ತೆ ಮೇಲಕ್ಕೆ ಹೊಡೆದರೆ ಹೆತ್ತ ತಾಯಿಗೂ ತಿಳಿಯದು.

ಗಂಡಹೆಂಡಿರು ಅವನನ್ನು ಹುಡುಕಿಕೊಂಡು ಬಂದರು. ಬಡಗಿ ಎದ್ದು, ಮಂಡಿಯ ಧೂಳು ಒರೆಸಿಕೊಂಡ.

"ಉಗ್ರಾಣಕ್ಕೆ ಬೀಗದ ಕೈ ಎಷ್ಟಿದ್ವು?" ಎಂದು ತಂಗಿಯ ಗಂಡನನ್ನು ಕೇಳಿದ.

"ಒಂದೇ. ಸ್ನಾನಕ್ಕೆ ಹೋದ್ರೂ ನನ್ನ ಸೊಂಟದಲ್ಲೇ" ಎಂದ ಅವನು, ಇನ್ನೂ ಪ್ರವಾಸಿಗರ ನಡುವೆ ನಿಂತವನ ಹಾಗೆ. ಆಮೇಲೆ ಅವನ ಕಣ್ಣು ಮೂರು ಗೀರುಗಳ ಮೇಲೆ ಬಿತ್ತು, ಅಲ್ಲಿಂದ ಕೆಳಕ್ಕೆ ಇಳಿಯಿತು. ಬಾಯಿ ನಗುತ್ತಲೇ ಇತ್ತು, ಮುಖ ಸುಣ್ಣವಾಗಿತ್ತು. ಬಸ್ಸು ಹೊರಡುವ ಹೊತ್ತಾಯಿತು, ಹಳೆಯದನ್ನೆಲ್ಲ ಈಗ ಕೆದಕಿ ಏನು ಪ್ರಯೋಜನ ಎಂದು ಗೊಣಗಿದ.

ಬಡಗಿ ಅವನ ಕಡೆ ನೋಡಲಿಲ್ಲ. ತಂಗಿಯನ್ನು ನೋಡಿದ. ಅವಳು ಬಸ್ಸಿನಿಂದ ಇಳಿಯಲೊಲ್ಲೆ ಎಂದದ್ದೇಕೆಂದು ಅವನಿಗೆ ಆಗ ಅರ್ಥವಾಯಿತು.

"ನಿನಗೂ ಗೊತ್ತಿತ್ತಾ?"

"ನಿನಗೆ ಕೈಯಲ್ಲಿ ಕಸುಬಿತ್ತು, ಅಣ್ಣ. ಎಲ್ಲಿ ಹೋದ್ರೂ ಬದುಕ್ತೀಯ ಅಂದ್ಕೊಂಡ್ವಿ. ಇವರ ಹತ್ರ ಇದ್ದದ್ದು ಆ ಬೀಗದ ಕೈ ಒಂದೇ."

ಬಡಗಿ ಜೇಬಿನಿಂದ ಚಾಕು ತೆಗೆದ. ತಂಗಿಯ ಗಂಡ ಒಂದು ಹೆಜ್ಜೆ ಹಿಂದೆ ಸರಿದ. ಬಡಗಿ ಮತ್ತೆ ಮಂಡಿಯೂರಿ, ಮೊನೆಯನ್ನು ಬೆಣೆಗೆ ಚುಚ್ಚಿ, ಹಲಗೆಗೆ ಗೀರು ಬೀಳದಂತೆ ಅತ್ತಿತ್ತ ತಿರುಗಿಸಿ ಎಳೆದ. ಬೆಣೆ ಬಂತು. ಅದರ ಹಿಂದೆಯೇ ನೀರು ಒಂದು ದಾರವಾಗಿ ಚಿಮ್ಮಿ, ಬಾಗಿ, ಧೂಳಿನಲ್ಲಿ ಕುಳಿ ತೋಡತೊಡಗಿತು. ಇರುವೆಗಳ ಸಾಲು ಚದುರಿತು.

ಮೂವರೂ ಅದನ್ನು ನೋಡುತ್ತ ನಿಂತರು. ಆಮೇಲೆ ತಂಗಿ ಬಗ್ಗಿ, ತನ್ನ ಹೆಬ್ಬೆರಳನ್ನು ತೂತಿಗೆ ಒತ್ತಿದಳು. ನೀರು ಬೆರಳಿನ ಸುತ್ತ ಜಿನುಗಿ, ಅವಳ ಮಣಿಕಟ್ಟಿಗೆ ಹರಿದು, ತೋಳಿನ ಬಟ್ಟೆ ಮೊಣಕೈವರೆಗೆ ನೆನೆಯಿತು. ಹೊರಗೆ ಬಸ್ಸು ಹಾರನ್ ಮಾಡಿತು. ಅವಳು ಬೆರಳು ತೆಗೆಯಲಿಲ್ಲ.