ಕಡಲಹಂದಿಯ ಹಾಲು ಹಿಂಡಿದ ಪಾಲಯ್ಯ

ನೇಮಕಲ್ಲಿನ ಪಾಲಯ್ಯನಿಗೆ ಪ್ರಾಣಿ ಯಾವುದೇ ಇರಲಿ, ಮೊದಲು ಅದರ ಬಾಯಿಗೆ ಎರಡು ಬೆರಳು ಹಾಕಬೇಕು. ನಮಸ್ಕಾರ, ಯೋಗಕ್ಷೇಮವೆಲ್ಲ ಆಮೇಲೆ. ಮೂವತ್ತು ವರ್ಷ ಕುರಿಗಳ ಹಿಂದೆ ನಡೆದು ನಡೆದು, ಮನುಷ್ಯರ ಜೊತೆಗೆ ಹೋಗುವಾಗಲೂ ನಾಲ್ಕು ಹೆಜ್ಜೆ ಹಿಂದೆಯೇ ಉಳಿಯುತ್ತಿದ್ದ ಆ ಉದ್ದನೆಯ ಆಸಾಮಿ, ರಾಯದುರ್ಗದ ಕುರಿಸಂತೆಯಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ ಕೂರುತ್ತಿದ್ದ. ಹಲ್ಲು, ಮೂತಿ, ಕೆಚ್ಚಲು ಮುಟ್ಟಿ, ಇದು ಶುದ್ಧ ತಳಿ, ಇದು ಎರಡು ತಳಿ ಕೂಡಿದ ಬೆರಕೆ ಎಂದನೆಂದರೆ ಮುಗಿಯಿತು, ಅದಕ್ಕೆ ಮೇಲ್ಮನವಿಯಿಲ್ಲ. ಆ ನಂಬಿಕೆಯೇ ಅವನ ಆಸ್ತಿ. ಬೇರೆ ಆಸ್ತಿಯೆಂದರೆ ಮೊಣಕೈ ಹರಿದ ಒಂದು ಖಾಕಿ ಕೋಟು.

ಆ ನಂಬಿಕೆಗೆ ಕುತ್ತು ತಂದದ್ದು ಮದರಾಸು. ಕಂಟ್ರಾಕ್ಟರನೊಬ್ಬನ ಕುರಿಗಳನ್ನು ರೈಲಿನಲ್ಲಿ ಅಲ್ಲಿಗೆ ಮುಟ್ಟಿಸಿ, ಕಡಲು ನೋಡಲು ಹೋದ. ಬಲೆಗೆ ಬಿದ್ದು ಆಗಷ್ಟೇ ಸತ್ತ ಕಡಲಹಂದಿಯೊಂದು, ಇಂಗ್ಲಿಷ್ ಬಲ್ಲವರ ಡಾಲ್ಫಿನ್, ಮರಳ ಮೇಲಿತ್ತು. ಉದ್ದ ಮೂತಿಯದೊಂದು ಜಾತಿ, ಮೊಂಡು ಮೂತಿಯದೊಂದು ಜಾತಿ, ಇದು ಎರಡೂ ಅಲ್ಲವಲ್ಲ ಎಂದು ಅಲ್ಲಿನ ತೆಲುಗು ಬೆಸ್ತರು ಅವನಿಗೂ ತಿಳಿಯುವ ತಮ್ಮ ಮಾತಿನಲ್ಲಿ ಗೊಣಗುತ್ತಿದ್ದರು. ಪಾಲಯ್ಯ ಸುಮ್ಮನಿರುವ ಕುಳವೇ? ಬಾಯಿಗೆ ಬೆರಳು ಹಾಕಿದ. ಬಾಲದ ಬಳಿ ಸೀಳಿನೊಳಗೆ ಮೊಲೆ ಹುಡುಕಿ ಹಿಂಡಿದ. ಹಾಲು ಬಂತು!

"ಮೀನಿನಂಗ ಕಂಡ್ರೂ ಹಾಲು ಕೊಡ್ತೈತ್ರಿ. ಅದೂ ಬೆರಕಿ ಪ್ರಾಣಿ" ಎಂದು ರಾಯದುರ್ಗಕ್ಕೆ ಮರಳಿ ಬಂದು ಹೇಳಿದ್ದೇ ತಡ, ಸಂತೆಗೆ ಸಂತೆಯೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಸಂತೆಯ ಹಿರಿಯ ಗಾದಿಲಿಂಗಪ್ಪ ಮಾತ್ರ ನಗಲಿಲ್ಲ. "ತಮಾಷಿಗಂದೆ ಅಂದುಬಿಡು. ಮೀನಿನ ಹಾಲು ಕರೆದವನ ಮಾತಿಗೆ ಕುರಿ ಯಾರು ಕೊಳ್ತಾರ?"

ಪಾಲಯ್ಯ ಹಾಲು ಹಿಂಡಿದ ಬೆರಳುಗಳನ್ನು ಮುಂದೆ ಚಾಚಿದ. "ಬೆರಕಿ ಅನ್ನೋದು ನನ್ನ ಅಂದಾಜ್ರಿ. ತಾಯಿ ತಂದಿ ನೋಡಿಲ್ಲ. ಅದನ್ನ ವಾಪಸ್ ತಗೋತೀನಿ. ಹಾಲು ಹಿಂಡಿದ್ದು ಬಿಡಂಗಿಲ್ಲ."

ಸಂತೆಯಲ್ಲಿ ಎಲ್ಲರಿಗಿಂತ ಮುಂದೆ ಕೂರುವ ಜಾಗ ಹೋಯಿತು. ಮುಂದಿನ ಸಂತೆಗಳಲ್ಲಿ ಯಾರೂ ಕರೆಯಲಿಲ್ಲ. ಪಾಪ, ಅವನಿಗೆ ಅನ್ನ ಸೇರದಷ್ಟು ನೋವಾಯಿತು.

ತಿಂಗಳ ಮೇಲೆ ಗಾದಿಲಿಂಗಪ್ಪನೇ ಒಂದು ಟಗರು ಎಳೆದುಕೊಂಡು ಅವನ ಮನೆಗೆ ಬಂದ. "ಮೀನಿನ ಸುದ್ದಿ ಅತ್ಲಾಗಿರಲಿ. ಇದರ ತಳಿ ನೋಡು."

"ಎರಡನ್ನೂ ನೋಡೋದು ಇದೇ ಕೈರಿ. ಒಂದು ಸುಳ್ಳಾದ್ರ ಇನ್ನೊಂದೂ ಸುಳ್ಳು. ಟಗರು ಹೊಡ್ಕೊಂಡು ಹೋಗ್ರಿ."

ಗಾದಿಲಿಂಗಪ್ಪ ಕೆಮ್ಮಿದ, ಮೀಸೆ ಸವರಿದ, ಕೊನೆಗೆ ಜಗಲಿಯ ಮೇಲೆ ಕುಸಿದು ಕುಳಿತ. "ಆತಪ್ಪ, ಹಾಲೂ ಖರೆ, ಬೆರಕಿನೂ ಖರೆ. ನೋಡೋ ಮಾರಾಯ!"

"ಹಾಲಷ್ಟೇ ಖರೆರಿ. ಬೆರಕಿ ಅನ್ನೋದು ಅಂದಾಜು" ಎಂದು ತಿದ್ದಿ, ಪಾಲಯ್ಯ ಟಗರಿನ ಕಡೆ ತಿರುಗಿದ.

ಗೆದ್ದ ಗಳಿಗೆಯಲ್ಲಿಯೂ ತಮಗೆ ಸಲ್ಲದ ಒಂದು ಮಾತನ್ನು ಒಳಗೆ ಬಿಟ್ಟುಕೊಳ್ಳದ ಇಂಥವರ ಜೊತೆ ಏಗುವುದು ಕಷ್ಟ; ಆದರೂ ಲೋಕದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದೆಂಬುದು ಉಳಿದಿದ್ದರೆ, ಅದು ಇವರಿಂದಲೇ.